ವಿಮಾನಕ್ಕೆ ಹಕ್ಕಿ ಬಡಿದಾಗ

ನಮ್ಮ ತಂದೆಯವರದು ಮಾಂಸದ ಅಂಗಡಿ. ಊರ ಹೊರಗೆ, ಒಂದು ವಿಮಾನ ನಿಲ್ದಾಣದಿಂದ ಆರು ಕಿಲೋಮೀಟರಿನೊಳಗೇ ಇದೆ. ಕಳೆದ ವರ್ಷ ಅಲ್ಲಿಗೊಂದು ನೋಟೀಸು ಬಂದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯ ಕಸಕ್ಕೆ ಹದ್ದುಗಳು ಕೂಡುತ್ತವೆ, ಅದರಿಂದ ವಿಮಾನಗಳಿಗೆ ಅಪಾಯ ಎಂಬುದು ಅದರ ತಾತ್ಪರ್ಯ. "ಆನೆಯಂಥ ವಿಮಾನಕ್ಕೆ ಒಂದು ಹದ್ದು ಏನು ಮಾಡೀತು?" ಎಂದು ತಂದೆಯವರು ಕೇಳಿದರು. ಆ ಹೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಹದ್ದಿನ ತೂಕ ಒಂದು ಕಿಲೋಗ್ರಾಮಿನ ಆಸುಪಾಸು. ಆದರೆ ಬಡಿತದ ಬಲ ತೂಕಕ್ಕಿಂತ ವೇಗವನ್ನು ಹೆಚ್ಚಾಗಿ ಅವಲಂಬಿಸಿದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 463 ಕಿಲೋಮೀಟರ್ ವೇಗದ ವಿಮಾನಕ್ಕೆ ಒಂದು ಕಿಲೋಗ್ರಾಮಿನ ಹಕ್ಕಿ ಬಡಿಯುವುದೆಂದರೆ, 50 ಕಿಲೋ ಅಕ್ಕಿಯ ಮೂಟೆಯನ್ನು ಸುಮಾರು 55 ಅಡಿ ಮೇಲಿಂದ ಕೆಡವಿದಂತೆ. (ನಾನು ಕಲಾ ವಿಭಾಗದವನು. ಈ ಲೆಕ್ಕವನ್ನು ಪಿ.ಯು. ವಿಜ್ಞಾನ ಓದುವ ನನ್ನ ತಂಗಿ ತಿದ್ದಿಕೊಟ್ಟಿದ್ದಾಳೆ.) ಮುಂಗಾಜು ಸುಮಾರು 1.8 ಕಿಲೋಗ್ರಾಮಿನ ಹಕ್ಕಿಯ ಹೊಡೆತವನ್ನು ತಾಳುವಂತೆ ಕಟ್ಟಿರುತ್ತಾರೆ. ನಿಜವಾದ ಭಯವಿರುವುದು ಎಂಜಿನ್ನಿಗೆ. ಅದು ಗಾಳಿಯನ್ನು ಒಳಕ್ಕೆಳೆಯುತ್ತದೆ. ಗಾಳಿಯೊಡನೆ ಹಕ್ಕಿಯೂ ಹೋಗುತ್ತದೆ.

ಈ ತೊಂದರೆ ವಿಮಾನದಷ್ಟೇ ಹಳೆಯದು. 1905ರಲ್ಲಿಯೇ ಆರ್ವಿಲ್ ರೈಟ್ ತನ್ನ ವಿಮಾನಕ್ಕೆ ಹಕ್ಕಿ ಬಡಿದುದನ್ನು ದಿನಚರಿಯಲ್ಲಿ ಬರೆದಿಟ್ಟನು.

ಹಕ್ಕಿ ಬಡಿದೊಡನೆ ಚಾಲಕರು ಏನು ಮಾಡಬೇಕು? ಏರುವ ಮುನ್ನ ಓಡುದಾರಿಯಲ್ಲಿ 'ವಿ-ಒನ್' ಎಂಬ ನಿರ್ಧಾರದ ವೇಗವೊಂದಿದೆ. ಅದಕ್ಕೆ ಮೊದಲು ಎಂಜಿನ್ ಕೆಟ್ಟರೆ ನಿಲ್ಲಿಸಬಹುದು. ದಾಟಿದ ಮೇಲೆ ಉಳಿದ ದಾರಿ ಸಾಲದಾದುದರಿಂದ ಹಾರಲೇಬೇಕು. ಒಂದೇ ಎಂಜಿನ್ನಿನಿಂದಲೂ ಮೇಲೇರುವ ಶಕ್ತಿ ಅದಕ್ಕಿರುತ್ತದೆ. ಆಗ ಒಬ್ಬರು ಹಾರಾಟವನ್ನೇ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಎಂಜಿನ್ನಿನ ಶಾಖ, ಅದುರಾಟಗಳನ್ನು ನೋಡಿ ಹೇಳುತ್ತಾರೆ. ನಿಯಂತ್ರಣ ಗೋಪುರಕ್ಕೂ ಸುದ್ದಿ ಹೋಗುತ್ತದೆ, ಏಕೆಂದರೆ ಹಿಂದೆಯೇ ಮತ್ತೊಂದು ವಿಮಾನ ಬರುತ್ತಿರುತ್ತದೆ.

ಇಳಿಯುವಾಗಿನ ಸಲಹೆ ನನಗೆ ಮೊದಲು ವಿಚಿತ್ರವೆನಿಸಿತು. ನೆಲ ಹತ್ತಿರವಿದ್ದಾಗ ಹಕ್ಕಿಗಳ ಹಿಂಡು ಎದುರಾದರೆ ಮತ್ತೆ ಮೇಲೇರಬೇಡಿ, ಇಳಿದುಬಿಡಿ ಎನ್ನುತ್ತಾರೆ. ಕಾರಣವಿದೆ. ಇಳಿಯುವಾಗ ಎಂಜಿನ್ನಿನ ಮೇಲೆ ಭಾರ ಕಡಿಮೆ. ಹಕ್ಕಿ ಹೊಕ್ಕ ಎಂಜಿನ್ನಿಗೆ ಪೂರ್ಣ ಬಲ ಕೊಡಹೋದರೆ ಅದು ಕೈಕೊಡಬಹುದು. 2008ರ ನವೆಂಬರ್ 10ರಂದು ರೋಮ್ ನಗರದ ಚಾಂಪಿನೋ ನಿಲ್ದಾಣದಲ್ಲಿ ಹೀಗೆಯೇ ಆಯಿತು. ಸ್ಟಾರ್ಲಿಂಗ್ ಹಕ್ಕಿಗಳ ದೊಡ್ಡ ಹಿಂಡನ್ನು ಕಂಡು ಚಾಲಕರು ಮೇಲೇರಲು ಯತ್ನಿಸಿದರು. ಎರಡು ಎಂಜಿನ್ನುಗಳೂ ಬಲ ಕಳೆದುಕೊಂಡು ವಿಮಾನ ನೆಲಕ್ಕೆ ಅಪ್ಪಳಿಸಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

2009ರ ಜನವರಿ 15ರ ನ್ಯೂಯಾರ್ಕಿನ ಘಟನೆಯನ್ನು ಅನೇಕರು ಬಲ್ಲರು. ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳು ಎರಡು ಎಂಜಿನ್ನುಗಳಿಗೂ ಹೊಕ್ಕವು. ಅಲ್ಲಿ ಓದಬೇಕಾಗಿದ್ದ ಕ್ರಮಪಟ್ಟಿ 20,000 ಅಡಿಗೂ ಮೇಲೆ ಎಂಜಿನ್ನುಗಳು ನಿಂತರೆ ಎಂದು ಬರೆದದ್ದು. ಅದನ್ನು ಪೂರ್ತಿ ಓದಲು ಹೊತ್ತೇ ಇರಲಿಲ್ಲ. ಕ್ಯಾಪ್ಟನ್ ಸಲೆನ್‌ಬರ್ಗರ್ ಸರದಿಗೆ ಕಾಯದೆ ಸಹಾಯಕ ಎಂಜಿನ್ನನ್ನು ಚಾಲೂ ಮಾಡಿ, ಹಡ್ಸನ್ ನದಿಯ ಮೇಲೆ ವಿಮಾನವನ್ನಿಳಿಸಿದರು. 155 ಮಂದಿಯೂ ಉಳಿದರು. ಕ್ರಮವನ್ನು ಕಲಿತವನಿಗೇ ಅದನ್ನು ಎಲ್ಲಿ ಬಿಡಬೇಕೆಂಬುದು ತಿಳಿಯುತ್ತದೆಂದು ನನಗೆ ತೋರುತ್ತದೆ.

ಇನ್ನು ವರದಿಯ ಮಾತು. ವಿಮಾನ ಕ್ಷೇಮವಾಗಿ ಇಳಿದರೂ ಚಾಲಕರು ಅದರ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಎಂಜಿನಿಯರು ಪರೀಕ್ಷಿಸದೆ ಅದು ಮತ್ತೆ ಹಾರುವಂತಿಲ್ಲ. ಹೊತ್ತು, ಎತ್ತರ, ವೇಗ, ಬಡಿದ ಭಾಗ, ಹಕ್ಕಿಗಳ ಸಂಖ್ಯೆ, ಇವೆಲ್ಲ ವರದಿಗೆ ಬೇಕು. ಹಾನಿಯಾಗದಿದ್ದರೂ ಬರೆಯಬೇಕು. ಅಂಟಿದ ಗರಿ, ರಕ್ತದ ಕಲೆಗಳನ್ನೂ ತೆಗೆದು ಲಕೋಟೆಯಲ್ಲಿಡುತ್ತಾರೆ. ಗರಿಯ ಬುಡದ ನಯವಾದ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಕ್ಕಿಯ ಕುಲವನ್ನು ಗುರುತಿಸಬಹುದಂತೆ. 1960ರ ಅಕ್ಟೋಬರ್ 4ರಂದು ಬಾಸ್ಟನ್ನಿನಲ್ಲಿ ಸ್ಟಾರ್ಲಿಂಗ್ ಹಿಂಡಿಗೆ ಸಿಕ್ಕ ವಿಮಾನ ಬಿದ್ದು 62 ಮಂದಿ ಸತ್ತರು. ಆ ಬಳಿಕ ಈ ವಿದ್ಯೆಯನ್ನು ಬೆಳೆಸಿದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬೋರ್ನ್ ಎಂಬ ಮಹಿಳೆ. ಹಕ್ಕಿಯ ಹೆಸರು ಏಕೆ ಬೇಕು? ಹಡ್ಸನ್ನಿನ ಹೆಬ್ಬಾತುಗಳ ಗರಿಗಳನ್ನು ಪರೀಕ್ಷಿಸಿದಾಗ ಅವು ಊರ ಹಕ್ಕಿಗಳಲ್ಲ, ದೂರದಿಂದ ವಲಸೆ ಬಂದವು ಎಂದು ತಿಳಿಯಿತು. ಊರ ಹಕ್ಕಿಯನ್ನು ದೂರವಿಡುವ ಉಪಾಯವೇ ಬೇರೆ, ವಲಸೆಯ ಹಕ್ಕಿಗೆ ಬೇರೆ.

ನಮ್ಮ ಹದ್ದು ಊರ ಹಕ್ಕಿ. ಅದು ಬರುವುದು ಕಸಕ್ಕಾಗಿ. 1937ರ ವಿಮಾನ ನಿಯಮಗಳ 91ನೆಯ ನಿಯಮದಲ್ಲಿ, ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಪ್ರಾಣಿವಧೆ ಮಾಡಬಾರದು, ಹಕ್ಕಿಗಳನ್ನು ಸೆಳೆಯುವ ಹೊಲಸನ್ನು ಹಾಕಬಾರದು ಎಂದಿದೆ. ಕಸದ ವಿಲೇವಾರಿಗೆ ತಕ್ಕ ಏರ್ಪಾಟಿದ್ದರೆ ಸರ್ಕಾರ ಸಡಿಲಿಸಬಹುದೆಂಬ ಮಾತೂ ಅದರ ಕೆಳಗೇ ಇದೆ. ಆ ಸಾಲನ್ನು ತಂದೆಯವರಿಗೆ ನಾನು ಎರಡು ಸಲ ಓದಿದೆ. ಅವರು ಮುಚ್ಚಳವಿರುವ ಎರಡು ಡ್ರಮ್ಮುಗಳನ್ನು ತಂದರು. ನಾನು ಅರ್ಜಿ ಬರೆದೆ. ಉತ್ತರ ಇನ್ನೂ ಬಂದಿಲ್ಲ.

ಅಂಗಡಿಯ ಮೇಲೆ ಈಗ ಹದ್ದುಗಳು ಸುತ್ತುವುದಿಲ್ಲ. ರಸ್ತೆಯ ತುದಿಯಲ್ಲಿ ಊರಿನವರೆಲ್ಲ ಸುರಿಯುವ ತಿಪ್ಪೆಯೊಂದಿದೆ, ಅದರ ಮೇಲೆ ಸುತ್ತುತ್ತಿರುತ್ತವೆ. "ಅದಕ್ಕೆ ಯಾರ ಹೆಸರಿನಲ್ಲಿ ನೋಟೀಸು ಬರುತ್ತದಪ್ಪಾ?" ಎಂದು ತಂದೆಯವರು ಮೊನ್ನೆ ಕೇಳಿದರು.