ಬಾನಬಯಲಿನ ಹೊಂಚು
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮೆಲ್ಲರಿಗೂ ತಿಳಿದುದೇ. ಆದರೆ ಗಾದೆ ತಿಳಿದಿರುವುದು ಬೇರೆ, ಅದು ಅನುಭವಕ್ಕೆ ಬರುವುದು ಬೇರೆ. ನನಗೆ ಅದು ಅನುಭವಕ್ಕೆ ಬಂದುದು ಒಂದು ಕಂಪ್ಯೂಟರ್ ಆಟದಿಂದ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟದ ಮಾತೇಕೆ ಎಂದು ಗುರುಗಳು ಹುಬ್ಬೇರಿಸಬಹುದು. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಓದುವ ಭದ್ರತೆ, ಕಾನೂನು, ದಂಡನೆ ಮೊದಲಾದ ಮಾತುಗಳ ಅರ್ಥ ಈ ಆಟದಲ್ಲಿ ಕಣ್ಣಿಗೆ ಕಟ್ಟುವಂತೆ ತೋರುವುದರಿಂದ, ಅದನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಆಟದ ಪರಿಚಯ

ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲೆಂಡ್ ದೇಶದ ರಾಜಧಾನಿಯಾದ ರೇಕ್ಯಾವಿಕ್‌ನ ಸಿಸಿಪಿ ಗೇಮ್ಸ್ ಎಂಬ ಸಂಸ್ಥೆ ಇದನ್ನು 2003ರ ಮೇ 6ರಂದು ಹೊರತಂದಿತು. ಆಟಗಾರನು ಒಂದು ಅಂತರಿಕ್ಷ ನೌಕೆಯ ಚಾಲಕ. ಗಣಿ ಅಗೆಯುವುದು, ಸರಕು ಸಾಗಿಸುವುದು, ವ್ಯಾಪಾರ ಮಾಡುವುದು, ಯುದ್ಧ ಹೂಡುವುದು ಎಲ್ಲವೂ ಅವನ ಇಚ್ಛೆಗೆ ಬಿಟ್ಟದ್ದು. ಚೀನಕ್ಕೆ ಬೇರೆಯೇ ಸರ್ವರ್ ಇರುವುದನ್ನು ಬಿಟ್ಟರೆ, ಜಗತ್ತಿನ ಎಲ್ಲ ಕಡೆಯ ಆಟಗಾರರೂ ಒಂದೇ ಬ್ರಹ್ಮಾಂಡದಲ್ಲಿ ಏಕಕಾಲಕ್ಕೆ ಸಂಚರಿಸುತ್ತಾರೆ. ಏಳು ಸಾವಿರಕ್ಕೂ ಮಿಕ್ಕಿದ ಸೌರಮಂಡಲಗಳುಳ್ಳ ಆ ಲೋಕದ ಹೆಸರು ನ್ಯೂ ಈಡನ್. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ತನ್ನ ಸಂಗ್ರಹಕ್ಕೆ ಆರಿಸಿಕೊಂಡ ಮೊದಲ 14 ವಿಡಿಯೋ ಆಟಗಳಲ್ಲಿ ಇದೂ ಒಂದು. 2016ರ ನವೆಂಬರಿನಿಂದ, ಕೆಲವು ಮಿತಿಗಳಿಗೆ ಒಳಪಟ್ಟು, ಹಣ ಕೊಡದೆಯೂ ಆಡಲು ಅವಕಾಶವಾದುದರಿಂದ ನನ್ನಂಥವರಿಗೂ ಅದರ ಬಾಗಿಲು ತೆರೆಯಿತು.

ಇತರ ಆಟಗಳಿಗೂ ಇದಕ್ಕೂ ಒಂದು ಮುಖ್ಯ ಭೇದವಿದೆ. ಇಲ್ಲಿ ನೌಕೆ ನಾಶವಾದರೆ ಅದು ಹೋದಂತೆಯೇ. ಮತ್ತೆ ಮೊದಲಿನಿಂದ ದುಡಿದು ಬೇರೆ ನೌಕೆ ಕೊಳ್ಳಬೇಕು. ಒಳಗಿದ್ದ ಸರಕಿನಲ್ಲಿ ಸುಮಾರು ಅರ್ಧ ಸುಟ್ಟುಹೋಗುತ್ತದೆ, ಉಳಿದದ್ದು ಹೊಡೆದವನ ಪಾಲು. 2014ರ ಜನವರಿ 27 ಮತ್ತು 28ರಂದು ಬಿ–ಆರ್5ಆರ್‌ಬಿ ಎಂಬ ಮಂಡಲದಲ್ಲಿ ನಡೆದ ಕಾಳಗದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಆಟಗಾರರು ಭಾಗವಹಿಸಿದರು; ಟೈಟನ್ ಎಂಬ ಅತಿ ದೊಡ್ಡ ನೌಕೆಗಳು 75 ನಾಶವಾದವು; ಒಟ್ಟು ನಷ್ಟವನ್ನು ನಿಜವಾದ ಹಣದಲ್ಲಿ ಸುಮಾರು ಮೂರು ಲಕ್ಷ ಡಾಲರು ಎಂದು ಅಂದಾಜು ಮಾಡಲಾಯಿತು. ಹೀಗೆ ನಷ್ಟವು ನಿಜವಾಗಿರುವುದರಿಂದಲೇ ಭಯವೂ ನಿಜ, ಎಚ್ಚರವೂ ನಿಜ.

ದಂಡನೆ ಬೇರೆ, ರಕ್ಷಣೆ ಬೇರೆ

ನ್ಯೂ ಈಡನ್ನಿನ ಪ್ರತಿಯೊಂದು ಮಂಡಲಕ್ಕೂ ಭದ್ರತೆಯ ಅಂಕವೊಂದುಂಟು. 1.0ರಿಂದ 0.5ರವರೆಗಿನದು ಹೆಚ್ಚು ಭದ್ರತೆಯ ಸೀಮೆ. 0.4ರಿಂದ 0.1ರವರೆಗಿನದು ಕಡಿಮೆ ಭದ್ರತೆಯದು. 0.0 ಹಾಗೂ ಅದಕ್ಕಿಂತ ಕೆಳಗಿನದರಲ್ಲಿ ಕೇಳುವವರೇ ಇಲ್ಲ. ಹೊಸಬನು ಸಹಜವಾಗಿಯೇ 'ಹೆಚ್ಚು ಭದ್ರತೆ' ಎಂಬ ಮಾತನ್ನು ನಂಬಿ ನಿಶ್ಚಿಂತನಾಗುತ್ತಾನೆ. ಅವನ ಮೊದಲ ತಪ್ಪು ಇದೇ.

ಆ ಸೀಮೆಯಲ್ಲಿ ಕಾಂಕಾರ್ಡ್ ಎಂಬ ಪೊಲೀಸು ಪಡೆಯಿದೆ. ನ್ಯಾಯವಿಲ್ಲದೆ ಇನ್ನೊಬ್ಬನ ಮೇಲೆ ಗುಂಡು ಹಾರಿಸಿದವನ ನೌಕೆಯನ್ನು ಅದು ತಪ್ಪದೆ ನಾಶಮಾಡುತ್ತದೆ. ಆದರೆ ಅದು ಬರುವುದು ಗುಂಡು ಹಾರಿದ ಮೇಲೆ! 1.0ರಲ್ಲಿ ಬೇಗ ಬರುತ್ತದೆ, 0.5ರಲ್ಲಿ ನಿಧಾನವಾಗಿ ಬರುತ್ತದೆ. ನಡುವಣ ಆ ಕೆಲವು ಕ್ಷಣಗಳೇ ಹೊಂಚುಗಾರನ ಬಂಡವಾಳ. ತನ್ನ ನೌಕೆ ಹೋಗುವುದು ಖಂಡಿತವೆಂದು ತಿಳಿದೇ ಅವನು ಬರುತ್ತಾನೆ. ಅಗ್ಗದ ಹತ್ತಾರು ನೌಕೆಗಳು ಕೂಡಿ ಒಂದು ದೊಡ್ಡ ಸರಕು ನೌಕೆಯನ್ನು ಹೊಡೆಯುತ್ತವೆ. ಕಾಂಕಾರ್ಡ್ ಬಂದು ಅವೆಲ್ಲವನ್ನೂ ಸುಡುತ್ತದೆ. ದೂರದಲ್ಲಿ ಕಾದಿದ್ದ ಅವರ ಸಂಗಡಿಗನು ಬಂದು ಸರಕನ್ನು ಬಾಚಿಕೊಳ್ಳುತ್ತಾನೆ. ಸರಕಿನ ಬೆಲೆ ಸುಟ್ಟ ನೌಕೆಗಳ ಬೆಲೆಗಿಂತ ಹೆಚ್ಚಾಗಿದ್ದರೆ ಅವರಿಗೆ ಲಾಭವೇ. 2012ರ ಏಪ್ರಿಲಿನಲ್ಲಿ ಆಟದ ಅತಿ ದೊಡ್ಡ ಪೇಟೆಯಾದ ಜಿಟಾದಲ್ಲಿಯೇ ಆಟಗಾರರ ದೊಡ್ಡ ಪಡೆಯೊಂದು ಹೀಗೆ ಬಹಿರಂಗವಾಗಿ ಸಾರಿ ದಾಳಿ ಮಾಡಿತು. ಜಿಟಾದ ಭದ್ರತಾ ಅಂಕ 0.9!

ಥಾಮಸ್ ಹಾಬ್ಸ್ 1651ರಲ್ಲಿ ಪ್ರಕಟಿಸಿದ 'ಲೆವಯಥನ್' ಗ್ರಂಥದಲ್ಲಿ, ಅತಿ ದುರ್ಬಲನೂ ಗುಟ್ಟಾದ ತಂತ್ರದಿಂದಲೋ ಇತರರೊಡನೆ ಕೂಡಿಯೋ ಅತಿ ಬಲಿಷ್ಠನನ್ನು ಕೊಲ್ಲಬಲ್ಲನು ಎಂಬ ಅಭಿಪ್ರಾಯವಿದೆ. ತರಗತಿಯಲ್ಲಿ ಇದನ್ನು ಬರೆದುಕೊಂಡಾಗ ನನಗೆ ಅಷ್ಟಾಗಿ ಅರ್ಥವಾಗಿರಲಿಲ್ಲ. ಹತ್ತು ಅಗ್ಗದ ನೌಕೆಗಳು ಒಂದು ಭಾರಿ ನೌಕೆಯನ್ನು ಕೆಡವಿದುದನ್ನು ಕಂಡ ದಿನ ಅರ್ಥವಾಯಿತು. ದಂಡನೆಯಿಂದ ತಪ್ಪಿತಸ್ಥನಿಗೆ ಶಿಕ್ಷೆಯಾಗುತ್ತದೆ; ಹೋದ ಸರಕು ಹಿಂದಿರುಗುವುದಿಲ್ಲ.

ಹೊಂಚಿನ ಸ್ವರೂಪ

ಒಂದು ಮಂಡಲದಿಂದ ಇನ್ನೊಂದಕ್ಕೆ ಹೋಗಲು ದ್ವಾರಗಳಿವೆ. ಹೆಚ್ಚಿನವರು ದ್ವಾರದ ಮೂಲಕವೇ ಸಾಗುವುದರಿಂದ ಹೊಂಚುಗಾರರು ಸಾಮಾನ್ಯವಾಗಿ ಅಲ್ಲಿಯೇ ಕಾದಿರುತ್ತಾರೆ. ದ್ವಾರ ದಾಟಿದ ನೌಕೆ ಅದರಿಂದ ಸುಮಾರು 12 ಕಿಲೊಮೀಟರ್ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳಲು ವಾರ್ಪ್ ಎಂಬ ಮಹಾವೇಗದ ನೆಗೆತ ಬೇಕು. ಆ ನೆಗೆತಕ್ಕೆ ಮೊದಲು ನೌಕೆಯು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ತನ್ನ ಪೂರ್ಣ ವೇಗದ ಮುಕ್ಕಾಲು ಪಾಲನ್ನು ಮುಟ್ಟಬೇಕು. ಚಿಕ್ಕ ನೌಕೆಗೆ ಇದು ಎರಡು ಮೂರು ಸೆಕೆಂಡುಗಳ ಕೆಲಸ. ಭಾರಿ ಸರಕು ನೌಕೆ ಅರ್ಧ ನಿಮಿಷವನ್ನೂ ಮೀರಬಹುದು. ಅಷ್ಟರೊಳಗೆ ಹೊಂಚುಗಾರನು ವಾರ್ಪ್ ತಡೆಯುವ ಯಂತ್ರವನ್ನು ನಮ್ಮ ಮೇಲೆ ಹಚ್ಚುತ್ತಾನೆ. ಸಾಧಾರಣ ಯಂತ್ರಕ್ಕೂ 20 ಕಿಲೊಮೀಟರ್ ಎಟುಕುತ್ತದೆ. 0.0 ಸೀಮೆಯಲ್ಲಿ ಇದರ ಜೊತೆಗೆ 'ಗುಳ್ಳೆ'ಗಳನ್ನು ಹರಡುತ್ತಾರೆ; ಅದರೊಳಗೆ ಸಿಕ್ಕ ಸಾಮಾನ್ಯ ನೌಕೆ ಯಾವುದೂ ವಾರ್ಪ್ ಮಾಡಲಾರದು.

ಪಾರಾಗುವ ಬಗೆ

ಮೊದಲನೆಯದು, ಹೊರಡುವ ಮುನ್ನ ನೋಡುವುದು. ಕಳೆದ ಒಂದು ಗಂಟೆಯಲ್ಲಿ ಯಾವ ಮಂಡಲದಲ್ಲಿ ಎಷ್ಟು ನೌಕೆಗಳು ನಾಶವಾದವೆಂಬುದನ್ನು ಆಟದ ನಕ್ಷೆಯೇ ತೋರಿಸುತ್ತದೆ. ಹೋಗುವ ದಾರಿಯಲ್ಲಿ ಒಂದು ಮಂಡಲದಲ್ಲಿ ಮಾತ್ರ ಆ ಸಂಖ್ಯೆ ಏರಿದ್ದರೆ ಅಲ್ಲಿ ಯಾರೋ ಕುಳಿತಿದ್ದಾರೆಂದೇ ತಿಳಿಯಬೇಕು. ದಾರಿ ದೂರವಾದರೂ ಸುತ್ತಿ ಹೋಗುವುದು ಲೇಸು. ಸ್ನೇಹಿತನೊಬ್ಬನು ಚಿಕ್ಕ ನೌಕೆಯಲ್ಲಿ ಒಂದು ದ್ವಾರ ಮುಂದಾಗಿ ಹೋಗಿ ಸುದ್ದಿ ಕೊಡುವಂತಿದ್ದರೆ ಇನ್ನೂ ಲೇಸು.

ಎರಡನೆಯದು, ದಾರಿಯಲ್ಲಿ ಕಣ್ಣು ತೆರೆದಿರುವುದು. ಹೆಚ್ಚಿನ ಮಂಡಲಗಳಲ್ಲಿ ಆಗ ಅಲ್ಲಿರುವ ಎಲ್ಲ ಚಾಲಕರ ಹೆಸರುಗಳ ಪಟ್ಟಿ ಕಾಣುತ್ತದೆ. 2009ರಲ್ಲಿ ಸೇರಿಸಿದ ವರ್ಮ್‌ಹೋಲ್ ಸೀಮೆಯಲ್ಲಿ ಮಾತನಾಡದವನ ಹೆಸರು ಕಾಣದು. ಇದಲ್ಲದೆ ದಿಕ್ಕು ಹಿಡಿದು ಶೋಧಿಸುವ ಸ್ಕ್ಯಾನರ್ ಉಂಟು. ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು 14 ಪಟ್ಟಿನವರೆಗೆ ಅದರ ನೋಟ ಹರಿಯುತ್ತದೆ. ಆದರೂ ಮರೆಯಾಗಿರುವ ನೌಕೆ ಅದಕ್ಕೆ ಕಾಣದೆಂಬುದನ್ನು ಮರೆಯಬಾರದು. 0.0 ಸೀಮೆಯಲ್ಲಿ ದ್ವಾರದಿಂದ ದ್ವಾರಕ್ಕೆ ನೇರವಾಗಿ ನೆಗೆಯದೆ, ಯಾವುದಾದರೊಂದು ಗ್ರಹಕ್ಕೆ ಹೋಗಿ ಅಲ್ಲಿಂದ ಓರೆಯಾಗಿ ಬಂದರೆ, ನೇರ ದಾರಿಗೆ ಅಡ್ಡವಾಗಿ ಒಡ್ಡಿದ ಗುಳ್ಳೆ ವ್ಯರ್ಥವಾಗುತ್ತದೆ.

ಮೂರನೆಯದು, ಹೊಂಚಿನ ನಡುವೆ ಬಂದಿಳಿದಾಗ ಗಾಬರಿಯಾಗದಿರುವುದು. ದ್ವಾರ ದಾಟಿದೊಡನೆ ನೌಕೆಯು ಅಲುಗದಿರುವವರೆಗೆ, ಒಂದು ನಿಮಿಷದ ಕಾಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸಬನು ಈ ನಿಮಿಷವನ್ನು ವ್ಯರ್ಥಮಾಡಿ ಕೂಡಲೇ ಓಡತೊಡಗುತ್ತಾನೆ, ಓಡಿದೊಡನೆ ಕಾಣಿಸಿಕೊಳ್ಳುತ್ತಾನೆ. ಬಲ್ಲವನು ಆ ನಿಮಿಷದಲ್ಲಿ ಎಣಿಸುತ್ತಾನೆ: ಎಷ್ಟು ಜನ, ಯಾವ ನೌಕೆ, ಎಷ್ಟು ದೂರ, ಗುಳ್ಳೆ ಇದೆಯೇ? ಅನಂತರ ಎರಡರಲ್ಲಿ ಒಂದನ್ನು ಆರಿಸುತ್ತಾನೆ. ವೈರಿಗಳು ದೂರವಿದ್ದು ತನ್ನ ನೌಕೆ ಚುರುಕಾಗಿದ್ದರೆ ಮುಂದಕ್ಕೆ ನೆಗೆಯುತ್ತಾನೆ. ಇಲ್ಲವಾದರೆ ವೇಗವರ್ಧಕವನ್ನು ಹಚ್ಚಿ ಬಂದ ದ್ವಾರಕ್ಕೇ ಹಿಂದಿರುಗುತ್ತಾನೆ. ದ್ವಾರಕ್ಕೆ 2,500 ಮೀಟರ್ ಸಮೀಪಿಸಿದರೆ ಮತ್ತೆ ದಾಟಬಹುದಾದುದರಿಂದ ಓಡಬೇಕಾದುದು ಒಂಬತ್ತು ಹತ್ತು ಕಿಲೊಮೀಟರ್ ಮಾತ್ರ. ಮರೆಮಾಚುವ ಯಂತ್ರವಿದ್ದರೆ ಅದನ್ನೂ ಬಳಸಬಹುದು. ಆದರೆ ಯಾವ ವಸ್ತುವಾದರೂ 2,000 ಮೀಟರ್ ಒಳಗೆ ಬಂದರೆ ಮರೆ ಹರಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಿಂದಿರುಗಬೇಕೆಂದಿರುವವನು ಸಿಟ್ಟಿನಿಂದ ಒಂದು ಗುಂಡನ್ನೂ ಹಾರಿಸಬಾರದು. ಗುಂಡು ಹಾರಿಸಿದವನಿಗೆ 60 ಸೆಕೆಂಡುಗಳವರೆಗೆ ದ್ವಾರ ತೆರೆಯುವುದಿಲ್ಲ. ಎಷ್ಟೋ ಜನರು ಸತ್ತುದು ವೈರಿಯ ಬಲದಿಂದಲ್ಲ, ತಮ್ಮದೇ ಸಿಟ್ಟಿನಿಂದ.

ನಾಲ್ಕನೆಯದು, ನೌಕೆ ಹೋಯಿತೆಂದು ಕಂಡೊಡನೆ ಜೀವ ಉಳಿಸಿಕೊಳ್ಳುವುದು. ನೌಕೆ ಒಡೆದಾಗ ಚಾಲಕನು ಒಂದು ಚಿಕ್ಕ ಕೋಶದಲ್ಲಿ ಹೊರಬೀಳುತ್ತಾನೆ. ಗುಳ್ಳೆಯಿಲ್ಲದ ಕಡೆ ಆ ಕೋಶವು ಬಲು ಬೇಗ ನೆಗೆಯಬಲ್ಲುದು. ಒಡೆದ ನೌಕೆಯನ್ನು ನೋಡುತ್ತ ಕುಳಿತವನು ಕೋಶವನ್ನೂ ಕಳೆದುಕೊಳ್ಳುತ್ತಾನೆ. ಎಲ್ಲಿಗೆ ಹೋಗಬೇಕೆಂಬುದನ್ನು ನೌಕೆ ಇನ್ನೂ ಇರುವಾಗಲೇ ನಿಶ್ಚಯಿಸಿಕೊಂಡಿರಬೇಕು.

ನನ್ನ ಪಾಠ

ಇಷ್ಟೆಲ್ಲ ಬರೆಯುವ ನಾನು ಇದನ್ನು ಕಲಿತುದು ಸುಮ್ಮನೆ ಅಲ್ಲ. ಹಾಸ್ಟೆಲಿನ ಗೆಳೆಯನೊಬ್ಬನ ಹಳೆಯ ಲ್ಯಾಪ್‌ಟಾಪಿನಲ್ಲಿ, ಅವನು ಬಿಡುವು ಕೊಟ್ಟಾಗಲೆಲ್ಲ ಆಡಿ, ಮೂರು ತಿಂಗಳು ಅದಿರು ಅಗೆದು ಕೂಡಿಸಿದ್ದೆ. ಒಂದು ಸಂಜೆ ಅದನ್ನೆಲ್ಲ ಮಾರಿ ಬೆಲೆಬಾಳುವ ಸಾಮಾನು ಕೊಂಡು, ಒಂದೇ ಸರಕು ನೌಕೆಯಲ್ಲಿ ತುಂಬಿ, ತಾನೇ ಸಾಗುವ ವ್ಯವಸ್ಥೆಗೆ ಬಿಟ್ಟು ಊಟಕ್ಕೆ ಹೋದೆ. ಹೀಗೆ ಸಾಗುವ ನೌಕೆ ದ್ವಾರದ ಬಾಗಿಲಿಗೇ ಇಳಿಯದೆ, ತುಸು ದೂರದಲ್ಲಿ ಇಳಿದು ತೆವಳುತ್ತದೆ. ಹಿಂದಿರುಗಿ ಬಂದಾಗ ನೌಕೆಯಿರಲಿಲ್ಲ. ಅದು 0.5 ಅಂಕದ ಮಂಡಲ; ಕಾಂಕಾರ್ಡ್ ತನ್ನ ಕೆಲಸ ಮಾಡಿ ಮುಗಿಸಿತ್ತು.

ಮೊದಲು ಅಳು ಬಂದಿತೆಂದು ಹೇಳಲು ನಾಚಿಕೆಯಿಲ್ಲ. ಬಯ್ದು ಬರೆಯಬೇಕೆಂದು ಕುಳಿತವನು, ಏನೋ ಹೊಳೆದು, ನನ್ನನ್ನು ಹೊಡೆದವನಿಗೇ 'ನಾನು ಮಾಡಿದ ತಪ್ಪೇನು?' ಎಂದು ಕೇಳಿ ಬರೆದೆ. ಆ ಅಪರಿಚಿತನು ತಾಳ್ಮೆಯಿಂದ ಉತ್ತರಿಸಿದ: ನೀನು ನೌಕೆಯ ಬಳಿ ಇರಲಿಲ್ಲ, ನೌಕೆಯ ಬಲಕ್ಕಿಂತ ಸರಕಿನ ಬೆಲೆ ಹೆಚ್ಚಾಗಿತ್ತು, ಎರಡು ಮಂಡಲಗಳ ಹಿಂದೆಯೇ ನಿನ್ನ ಸರಕನ್ನು ಶೋಧಿಸಿ ನೋಡಿದ್ದೆವು, ನೀನು ಗಮನಿಸಲಿಲ್ಲ. ಅಂದರೆ ಮೊದಲ ಗುಂಡು ಹಾರುವ ಮೊದಲೇ ನಾನು ಸೋತಿದ್ದೆ.

ದಸರಾ ರಜೆಗೆ ಊರಿಗೆ ಹೋದಾಗ ಈ ಕಥೆಯನ್ನು ನಮ್ಮ ತಂದೆಯವರಿಗೆ ಹೇಳಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಉಳ್ಳಾಗಡ್ಡಿ ಬೆಳೆದು ಪೇಟೆಗೆ ಒಯ್ದು ಮಾರುವವರು. ನೌಕೆಯೆಂದರೇನು, ವಾರ್ಪ್ ಎಂದರೇನು ಎಂದು ಅವರು ಕೇಳಲಿಲ್ಲ. "ಎಲ್ಲಾ ಮಾಲು ಒಂದ ಗಾಡ್ಯಾಗ ಹೇರಿ, ಗಾಡಿ ಬಿಟ್ಟು ಉಣ್ಣಾಕ ಹೋಗಿದ್ದೇನಲೇ?" ಎಂದು ಮಾತ್ರ ಕೇಳಿದರು. ಪೇಟೆಯಿಂದ ಬರುವಾಗ ದುಡ್ಡನ್ನು ಅವರು ಎಂದೂ ಒಂದೇ ಕಿಸೆಯಲ್ಲಿ ಇಡುವುದಿಲ್ಲವೆಂಬುದು ನನಗೆ ಆಗ ನೆನಪಾಯಿತು. ಮೂರು ತಿಂಗಳ ದುಡಿಮೆ ಕೊಟ್ಟು ನಾನು ಕೊಂಡ ಪಾಠ ನಮ್ಮ ಮನೆಯಲ್ಲಿ ಮೊದಲೇ ಇತ್ತು.

ಸಂಗಡಿಗರ ವಿಚಾರ

ಒಂಟಿಯಾಗಿ ಹೋಗುವುದಕ್ಕಿಂತ ಸಂಘದಲ್ಲಿ ಹೋಗುವುದು ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಯೂ ವಿವೇಕ ಬೇಕು. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ಆಟಗಾರರ ತಂಡವು ಇನ್ನೊಂದು ಸಂಘದೊಳಗೆ ಗೂಢಚಾರರನ್ನು ಸೇರಿಸಿ, ತಿಂಗಳುಗಟ್ಟಲೆ ನಂಬಿಗಸ್ತರಾಗಿ ದುಡಿಸಿ, ಒಂದು ದಿನ ಅದರ ಮುಖ್ಯಸ್ಥೆಯ ನೌಕೆಯನ್ನು ಹೊಡೆದು ಉಗ್ರಾಣವನ್ನು ಬರಿದು ಮಾಡಿತು. ಆದುದರಿಂದ ಜೊತೆಗಾರರನ್ನು ನಂಬಬೇಕು. ಉಗ್ರಾಣದ ಬೀಗದ ಕೈಯನ್ನು ಮಾತ್ರ ಎಲ್ಲರಿಗೂ ಕೊಡಬಾರದು.

ಉಪಸಂಹಾರ

ಈ ಆಟದ ಹಳಬರು ಹೊಸಬರಿಗೆ ಹೇಳುವ ಮೊದಲ ನಿಯಮವೆಂದರೆ, ಕಳೆದುಕೊಂಡರೆ ತಾಳಿಕೊಳ್ಳಲಾಗದ ನೌಕೆಯನ್ನು ಹೊರಗೆ ತರಬೇಡ ಎಂಬುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದುದೂ ಇದನ್ನೇ. ಹಾಗೆಂದು ಹೆದರಿ ನಿಲ್ದಾಣದೊಳಗೇ ಕುಳಿತವನು ಯಾವುದನ್ನೂ ಕಳೆದುಕೊಳ್ಳುವುದಿಲ್ಲ, ಯಾವುದನ್ನೂ ಗಳಿಸುವುದೂ ಇಲ್ಲ. ಹೊರಡಲೇಬೇಕು, ನೋಡಿ ಹೊರಡಬೇಕು.

ನಾನು ಮತ್ತೆ ಅದಿರು ಅಗೆದೆ. ಈಗ ಸರಕನ್ನು ನಾಲ್ಕು ಸಲಕ್ಕೆ ಹಂಚಿ ಸಾಗಿಸುತ್ತೇನೆ, ಊಟ ಮುಗಿಸಿಯೇ ಕೂಡುತ್ತೇನೆ. ಎರಡು ಬಾರಿ ಹೊಂಚಿನ ನಡುವೆ ಬಂದಿಳಿದು, ಆ ಒಂದು ನಿಮಿಷ ಉಸಿರು ಬಿಗಿಹಿಡಿದು ಎಣಿಸಿ, ಬಂದ ದ್ವಾರಕ್ಕೇ ಹಿಂದಿರುಗಿ ಪಾರಾಗಿದ್ದೇನೆ. ಬರುವ ವರ್ಷ ನಮ್ಮ ತರಗತಿಯ ನಾವೆಲ್ಲರೂ ಈ ಕಾಲೇಜಿನ ಬಾಗಿಲು ದಾಟಿ, ಗುರುತಿಲ್ಲದ ಊರುಗಳಿಗೆ ಕೆಲಸ ಹುಡುಕಿ ಹೋಗುವವರು. ನಮ್ಮ ಮನೆಗಳಲ್ಲಿ ಆ ದಾರಿಯನ್ನು ಮೊದಲೇ ನಡೆದು ಸುದ್ದಿ ಕೊಟ್ಟವರು ಹೆಚ್ಚಿಲ್ಲ. ಇಳಿದೊಡನೆ ಓಡದೆ, ಒಂದು ನಿಮಿಷ ನಿಂತು ಸುತ್ತ ನೋಡುವ ಅಭ್ಯಾಸ ಅಲ್ಲಿಯೂ ನಮಗೆ ನೆರವಾದೀತು.