ಸಮನಾದ ಆಟದ ಪಾಠ

ಮಂಗಳೂರಿನ ಮಳೆಗಾಲದ ಬಿಡುವಿನಲ್ಲಿ ನಾವಾಡುವ ಚದುರಂಗ ಸಮನಾಗಿ ಮುಗಿದರೆ, ಹೊತ್ತು ವ್ಯರ್ಥವಾಯಿತೆಂದು ಹಲಗೆ ಮಡಚುತ್ತೇವೆ. ಆದರೆ 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವವಿಜೇತ ಪದವಿಗಾಗಿ ಕಪಬ್ಲಾಂಕ, ಅಲೆಖೈನರು ಆಡಿದ 34 ಆಟಗಳಲ್ಲಿ 25 ಸಮನಾದುವು. ಹೆಚ್ಚಿನವುಗಳ ಆರಂಭ ಒಂದೇ.

ಬಿಳಿಯ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ನಡೆಯುತ್ತದೆ; ಕರಿಯದೂ ಹಾಗೆಯೇ. ಬಿಳಿಯು ಪಕ್ಕದ ಒಂಟೆಯ ಕಾಲಾಳನ್ನು ಒಡ್ಡುತ್ತದೆ. ಕರಿಯು ಅದನ್ನು ಹೊಡೆಯದೆ, ರಾಜನ ಕಾಲಾಳನ್ನು ಒಂದು ಮನೆ ನಡೆಸಿ ನಡುವನ್ನು ಭದ್ರಪಡಿಸುತ್ತದೆ. ಅದರಿಂದ ಕರಿಯ ಮಂತ್ರಿಯ ಪಕ್ಕದ ಒಂಟೆ ತನ್ನವರ ಹಿಂದೆಯೇ ಸೆರೆಯಾಗುತ್ತದೆ. ಕಾಯಿಗೆ ಕಾಯಿ ಕೊಟ್ಟು ಇಕ್ಕಟ್ಟು ಸಡಿಲಿಸಿ, ನಡುವಿನಲ್ಲಿ ಕಾಲಾಳನ್ನು ಮುಂದೂಡಿ ಅದನ್ನು ಬಿಡಿಸಿದರೆ, ಬಿಳಿಯ ಮೊದಲ ನಡೆಯ ಲಾಭ ಕರಗುತ್ತದೆ.

ಆದುದರಿಂದ, ಮಿತ್ರರೇ, ಸಮನಾದ ಆಟವನ್ನು ಕಂಡಾಗ ‘ಯಾರೂ ಗೆಲ್ಲಲಿಲ್ಲವೆ?’ ಎನ್ನದೆ, ‘ಆ ಒಂಟೆ ಹೇಗೆ ಹೊರಬಂತು?’ ಎಂದು ಕೇಳೋಣ.