ಹಿಮ ತೆಗೆಯುವ ಕೆಲಸ

ಧನುರ್ಮಾಸದ ಮುಂಜಾನೆ ಅರಸೀಕೆರೆಯ ಮನೆಗಳಲ್ಲಿ ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿರುವುದನ್ನು ಎಲ್ಲರೂ ಕಂಡಿದ್ದಾರೆ. ಸೀಸೆಯನ್ನು ಬಿಸಿಲಿಗಿಟ್ಟರೆ ಕೆಲಸ ತೀರಿತು. ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ಎಣ್ಣೆಗೆ ನಮ್ಮ ಚಳಿಗಾಲದ ಬಿಸಿಲೇ ಸಾಕು. ಬೇಲೂರು, ಹಳೇಬೀಡುಗಳ ಕಡೆ ಬೆಳಗ್ಗೆ ಕವಿಯುವ ಮಂಜು ಹೊತ್ತೇರಿದಂತೆ ತಾನಾಗಿ ಚದುರುವುದು. ಆಲಿಕಲ್ಲು ಬಿದ್ದರೂ ಅಂಗಳದಲ್ಲಿ ಹೆಚ್ಚು ಹೊತ್ತು ನಿಲ್ಲದು. ಹೆಪ್ಪುಗಟ್ಟಿದ ನೀರನ್ನು ದಾರಿಯಿಂದ ತೆಗೆದುಹಾಕುವುದೂ ಒಂದು ಉದ್ಯೋಗವೆಂಬ ಮಾತು ಈ ಸೀಮೆಯವರಿಗೆ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಹಿಮಾಲಯದ ಕಣಿವೆದಾರಿಗಳಲ್ಲಿ ಪ್ರತಿವರ್ಷವೂ ಸಾವಿರಾರು ಜನ ಇದೇ ಕೆಲಸದಲ್ಲಿ ತೊಡಗಿರುತ್ತಾರೆ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಗೆ ಇದು ಮುಖ್ಯವಾದ ಹೊಣೆ.

ಎಣ್ಣೆಯಂತೆ ಹಿಮವನ್ನೂ ಕರಗಿಸಿಬಿಟ್ಟರೆ ಆಗದೆ? ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಮೀಟರು ಉದ್ದ, 6 ಮೀಟರು ಅಗಲದ ರಸ್ತೆಯ ಮೇಲೆ ಒಂದು ಮೀಟರು ದಪ್ಪ ಹಿಮ ಕೂತಿದೆಯೆನ್ನೋಣ. ಅದರ ಗಾತ್ರ 6,000 ಘನಮೀಟರು. ಕೆಲವು ವಾರ ಹಳೆಯದಾದ ಹಿಮ ಘನಮೀಟರಿಗೆ ಸುಮಾರು 300 ಕಿಲೋಗ್ರಾಂ ತೂಗುವುದರಿಂದ ಒಟ್ಟು ತೂಕ 1,800 ಟನ್. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಹಿಮವು ನೀರಾಗಬೇಕಾದರೆ 80 ಕ್ಯಾಲೊರಿ ಗುಪ್ತೋಷ್ಣ ಬೇಕು. ಈ ಪ್ರಕಾರ ಅಷ್ಟು ಹಿಮವನ್ನು ಕರಗಿಸಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಸುಮಾರು 40 ಟನ್ ಒಣಸೌದೆ ಉರಿಯಬೇಕಾದೀತು. ಅದೇ ಹಿಮವನ್ನು 5 ಮೀಟರು ಮೇಲಕ್ಕೆತ್ತಿ ಪಕ್ಕಕ್ಕೆ ಚೆಲ್ಲುವುದಕ್ಕೆ ಬೇಕಾದ ಶಕ್ತಿ ಇದರ ಆರು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಯಂತ್ರದ ನಷ್ಟಗಳನ್ನೆಲ್ಲ ಸೇರಿಸಿದರೂ ಎತ್ತಿ ಎಸೆಯುವುದೇ ಲೇಸು. ಆದ್ದರಿಂದ ಈ ಕಸುಬಿನಲ್ಲಿ ಬೆಂಕಿಗೆ ಸ್ಥಾನವಿಲ್ಲ. ಸಲಿಕೆಗೂ ಅದರ ದೊಡ್ಡಣ್ಣಂದಿರಾದ ಯಂತ್ರಗಳಿಗೂ ಸ್ಥಾನ.

ಉಪ್ಪಿನ ಮಾತು ಬೇರೆ. ಮಂಜುಗಡ್ಡೆಗೆ ಉಪ್ಪು ಬೆರಸಿದರೆ ಅದು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಕರಗುವುದನ್ನು ಐಸ್‌ಕ್ರೀಂ ಮಾಡುವವರು ಬಲ್ಲರು. ಪಶ್ಚಿಮ ದೇಶಗಳ ನಗರಗಳಲ್ಲಿ ರಸ್ತೆಗೆ ಉಪ್ಪೆರಚುವುದು ಇದೇ ತತ್ತ್ವದ ಮೇಲೆ. ತೆಳುವಾದ ಮಂಜಿನ ಪೊರೆಗೆ ಅದು ತಕ್ಕ ಮದ್ದು. ಆದರೆ ಚಳಿ ಹೆಚ್ಚಿದಂತೆ ಉಪ್ಪಿನ ಪ್ರಭಾವ ಕುಗ್ಗುತ್ತದೆ. ಸೊನ್ನೆಗಿಂತ 21 ಡಿಗ್ರಿ ಕೆಳಗಿಳಿದರೆ ಅದರಿಂದ ಏನೂ ಆಗದು. ಆಳೆತ್ತರ ಕೂತ ಹಿಮಕ್ಕಂತೂ ಉಪ್ಪು ಹಾಕುವುದು ವ್ಯರ್ಥ.

ಇನ್ನು ಈ ಕೆಲಸದ ಮರ್ಮಕ್ಕೆ ಬರೋಣ. ಹಿಮವೆಂಬುದು ಇದ್ದಂತೆಯೇ ಇರುವ ಪದಾರ್ಥವಲ್ಲ. ಆಗ ತಾನೆ ಬಿದ್ದ ಹಿಮ ಅರಳೆಯಷ್ಟು ಹಗುರ. ಘನಮೀಟರಿಗೆ 100 ಕಿಲೋಗ್ರಾಂ ಇದ್ದರೆ ಹೆಚ್ಚು. ದಿನ ಕಳೆದಂತೆ ಅದರ ಹರಳುಗಳ ಚೂಪಾದ ಕೊನೆಗಳು ಸವೆದು, ಕಣಗಳು ಒಂದಕ್ಕೊಂದು ತಾಗಿದೆಡೆಗಳಲ್ಲಿ ಹೊಸ ಮಂಜು ಬೆಳೆದು ಬೆಸುಗೆಯಾಗುತ್ತದೆ. ನೀರಾಗಿ ಕರಗದೆಯೇ, ಬರಿಯ ಆವಿಯ ಮೂಲಕವೂ ಇದು ನಡೆಯುವುದು. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೃದುವಾಗಿದ್ದು, ಗಾಳಿಬಿಸಿಲಿಗೆ ಮೈಯೊಡ್ಡಿದ ಮೇಲೆ ಗಡುಸಾಗುವುದೆಂದು ಹಳೇಬೀಡಿನಲ್ಲಿ ಹೇಳುವುದುಂಟು. ಎರಡರ ಕಾರಣಗಳೂ ಬೇರೆಬೇರೆ. ಕೆಲಸಗಾರನಿಗೆ ಸಿಗುವ ಪಾಠ ಮಾತ್ರ ಒಂದೇ. ಮೃದುವಾಗಿರುವಾಗಲೇ ಕೈಹಾಕಬೇಕು.

ಸೋನಾಮಾರ್ಗ್ ಮತ್ತು ದ್ರಾಸ್‌ಗಳ ನಡುವೆ, 3,528 ಮೀಟರು ಎತ್ತರದಲ್ಲಿರುವ ಜೋಜಿ ಲಾ ಕಣಿವೆ ಇದಕ್ಕೆ ಒಳ್ಳೆಯ ನಿದರ್ಶನ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಇದರ ಮೂಲಕ ಸಾಗುತ್ತದೆ. ಕನ್ನಡನಾಡಿಗೂ ಈ ಕಣಿವೆಗೂ ಹಳೆಯ ನಂಟಿದೆ. 1948ರ ನವೆಂಬರ್ 1ರಂದು ಇಲ್ಲಿ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಸೇನಾನಿ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು, ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕಿಗೆ ತಕ್ಕಷ್ಟು ಅಗಲಮಾಡಿದವರು ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಹಿಂದೆ ಈ ದಾರಿ ವರ್ಷಕ್ಕೆ 160ರಿಂದ 180 ದಿನ ಮುಚ್ಚಿರುತ್ತಿತ್ತು. 2022ರಲ್ಲಿ ಅದು 73 ದಿನಕ್ಕೂ, 2023ರಲ್ಲಿ 68 ದಿನಕ್ಕೂ, 2025ರಲ್ಲಿ 32 ದಿನಕ್ಕೂ ಇಳಿಯಿತು. ಯಂತ್ರಗಳು ಉತ್ತಮಗೊಂಡದ್ದು ಒಂದು ಕಾರಣ. ವಸಂತದವರೆಗೆ ಕಾಯದೆ, ಹಿಮ ಬೀಳುತ್ತಿರುವ ತಿಂಗಳುಗಳಲ್ಲೇ ಎರಡು ಕಡೆಗಳಿಂದಲೂ ಕೆಲಸ ನಡೆಸಿದ್ದು ಮತ್ತೊಂದು.

ಗಟ್ಟಿಯಾದ ಹಿಮವನ್ನು ಬುಲ್‌ಡೋಜರು ಒಡೆದು ತಳ್ಳುತ್ತದೆ. ಸಡಿಲವಾದುದನ್ನು ಹಿಮ ಕತ್ತರಿಸುವ ಯಂತ್ರವು ಸುತ್ತುವ ಅಲಗುಗಳಿಂದ ಕೊರೆದು, ಕೊಳವೆಯ ಮೂಲಕ ಕಾರಂಜಿಯಂತೆ ಪ್ರಪಾತಕ್ಕೆ ಚಿಮ್ಮಿಸುತ್ತದೆ. ನೋಡಲು ಸೊಗಸು, ನಡೆಸುವವನಿಗೆ ಸೊಗಸಿಲ್ಲ. ರಸ್ತೆಯ ಅಂಚು ಹಿಮದಡಿಯಲ್ಲಿ ಮರೆಯಾಗಿರುತ್ತದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಮನುಷ್ಯನೂ ಏದುವನು, ಎಂಜಿನ್ನೂ ಏದುವುದು. ಹಿಮದಿಂದ ಪ್ರತಿಫಲಿಸುವ ಬೆಳಕಿಗೆ ಕಪ್ಪು ಕನ್ನಡಕವಿಲ್ಲದೆ ಕಣ್ಣೊಡ್ಡಿದರೆ ಕೆಲವು ಗಂಟೆಗಳಲ್ಲೇ ಕಣ್ಣುರಿದು ದೃಷ್ಟಿ ಮಸುಕಾಗುತ್ತದೆ. ಅರಸೀಕೆರೆಯ ಎಣ್ಣೆಯ ತೊಂದರೆ ಇಲ್ಲಿಯೂ ಬಿಡದು: ಡೀಸೆಲಿನಲ್ಲಿರುವ ಮೇಣ ಚಳಿಗೆ ಹೆಪ್ಪುಗಟ್ಟಿ ಶೋಧಕವನ್ನು ಕಟ್ಟಿಬಿಡುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಡೀಸೆಲು ಲಡಾಖಿಗೆ ದೊರೆತದ್ದು 2019ರಲ್ಲಿ.

ಈ ಸಂಸ್ಥೆಯ ಕಾಯಂ ಸಿಬ್ಬಂದಿಯನ್ನು ಭಾರತದ ಎಲ್ಲ ರಾಜ್ಯಗಳಿಂದಲೂ ಆರಿಸುತ್ತಾರೆ. ಚಾಲಕರು, ಮೆಕ್ಯಾನಿಕರು ಎಲ್ಲರೂ ಅದರಲ್ಲುಂಟು. ಕೂಲಿಯಾಳುಗಳಲ್ಲಿ ಬಹುಮಂದಿ ಜಾರ್ಖಂಡದವರು, ನಮ್ಮಂತೆಯೇ ಹಿಮ ಕಾಣದ ನಾಡಿನವರು.

ಇವರೆಲ್ಲರೂ ಅಂಜುವುದು ಹಿಮಕುಸಿತಕ್ಕೆ. ಜಾರಿಬರುವಾಗ ಪುಡಿಪುಡಿಯಾದ ಕಣಗಳು ನಿಂತ ಕೆಲವು ನಿಮಿಷಗಳಲ್ಲೇ ಬೆಸೆದು ಗಾರೆಯಂತೆ ಗಟ್ಟಿಯಾಗುತ್ತವೆ. ಹೂತವನು ಕೈಯಾಡಿಸಲಾರ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುವರು. ಅರ್ಧ ಗಂಟೆಯಾದರೆ ಮೂರರಲ್ಲಿ ಒಬ್ಬನೂ ಕಷ್ಟ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಹಾಸನದ ಬಳಿಯ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಕಲ್ಲಿನಂತಹ ಮಂಜನ್ನು ಕೊರೆದು ಕೊರೆದು ರಕ್ಷಕರು ಇಪ್ಪತ್ತೈದು ಅಡಿಗೂ ಹೆಚ್ಚು ಆಳಕ್ಕಿಳಿದಾಗ, ಐದು ದಿನಗಳ ಮೇಲೆ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರು ಜೀವಸಹಿತ ದೊರೆತರು. ಫೆಬ್ರವರಿ 11ರಂದು ಅವರೂ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ದಾರಿ ಎಷ್ಟು ದಿನಗಳಲ್ಲಿ ತೆರೆಯಿತೆಂಬ ಸುದ್ದಿಯಷ್ಟೇ, ತೆರೆಯುವವರು ರಾತ್ರಿ ಎಲ್ಲಿ ಮಲಗುತ್ತಾರೆಂಬ ಪ್ರಶ್ನೆಯೂ ಮುಖ್ಯವೆಂದು ನಾವು ಭಾವಿಸುತ್ತೇವೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಕುಸಿತ ಹೆಚ್ಚೆಂಬುದು ತಿಳಿದ ಸಂಗತಿ. ಬಿಡಾರವನ್ನು ಅಂಥ ಇಳಿಜಾರಿನ ಪಾದದಿಂದ ದೂರವಿಡಬೇಕು. 2025ರ ಫೆಬ್ರವರಿ 28ರ ಬೆಳಗ್ಗೆ ಉತ್ತರಾಖಂಡದ ಮಾಣಾ ಗ್ರಾಮದ ಬಳಿ ಹಿಮ ತೆಗೆಯುವ ಕೆಲಸಕ್ಕೆ ಬಂದಿದ್ದ 54 ಮಂದಿಯ ಬಿಡಾರದ ಮೇಲೆ ಬೆಟ್ಟದ ಹಿಮ ಇಳಿಯಿತು. ಎಂಟು ಮಂದಿ ಸತ್ತರು. 46 ಮಂದಿ ಉಳಿದರು. ಅವರು ಮಲಗುತ್ತಿದ್ದುದು ಉಕ್ಕಿನ ಪೆಟ್ಟಿಗೆಮನೆಗಳಲ್ಲಿ. ಹಿಮದ ಹೊಡೆತಕ್ಕೆ ಅವು ಉರುಳಿಹೋದರೂ ಒಳಗಿನ ಗಾಳಿ, ರಕ್ಷಕರು ಅಗೆದು ಬರುವವರೆಗೆ ಹಲವರಿಗೆ ಉಸಿರಾಟಕ್ಕೆ ಒದಗಿತು.